ಎರಡೂವರೆ ಗಂಟೆ ಎಂದಿರಲ್ಲ

ವಿಮಾನ ಕಂಪನಿಯ ವಿಚಾರಣಾ ಅಧಿಕಾರಿಗಳೇ,

ದೆಹಲಿಯಿಂದ ಬೆಂಗಳೂರಿಗೆ ಎಷ್ಟು ದೂರ, ಎಷ್ಟು ಹೊತ್ತು ಎಂದು ಹೋದ ಮಾಘದಲ್ಲಿ ನಿಮ್ಮನ್ನು ಫೋನಿನಲ್ಲಿ ಕೇಳಿದವನು ನಾನು. ನೀವು ಕೊಟ್ಟ ಉತ್ತರವನ್ನು ನಂಬಿ, ನನ್ನ ತಂಗಿ ಬರುವ ಮೊದಲೇ ನಮ್ಮವ್ವನನ್ನು ಮಣ್ಣು ಮಾಡಿದೆವು.

ಅವ್ವ ತೀರಿಕೊಂಡದ್ದು ನಸುಕಿನಲ್ಲಿ. ತಂಗಿ ಶಿವರುದ್ರಮ್ಮ ದೆಹಲಿಯಲ್ಲಿದ್ದಾಳೆ. ಅವಳ ಗಂಡ ಅಲ್ಲಿ ಕೊಬ್ಬರಿ ವ್ಯಾಪಾರಿ. ಬೆಳಗಿನ ವಿಮಾನಕ್ಕೆ ಅವಳನ್ನು ಹತ್ತಿಸುವುದಾಗಿ ಭಾವ ತಿಳಿಸಿದರು. ನಾನು ತಿಪಟೂರಿನ ಅಂಚೆ ಕಚೇರಿಯಿಂದ ನಿಮಗೆ ಟ್ರಂಕ್ ಕಾಲ್ ಮಾಡಿದೆ. "ಸಾವಿರದ ಏಳುನೂರು ಕಿಲೋಮೀಟರು, ಎರಡೂವರೆ ಗಂಟೆ. ನಿಮ್ಮೂರ ಬಸ್ಸು ಇಲ್ಲಿಗೆ ಬರೋದ್ರೊಳಗೆ ವಿಮಾನ ಬಂದಿರುತ್ತೆ ಕಣ್ರೀ" ಎಂದು ನಕ್ಕಿರಿ. ಎಂಥ ಜ್ಞಾನ! ಯಾವ ವಿಮಾನ, ನಡುವೆ ಎಲ್ಲಿ ಇಳಿಯುತ್ತದೆ ಎಂದು ಕೇಳುವ ವ್ಯವಧಾನ ಮಾತ್ರ ತಮಗಿರಲಿಲ್ಲ. ಅವಳು ಹತ್ತಿದ ವಿಮಾನ ಹೈದರಾಬಾದಿನಲ್ಲಿ ಇಳಿದು, ಏನೋ ಕೆಟ್ಟು, ಎರಡು ಗಂಟೆಗೂ ಮಿಕ್ಕಿ ಅಲ್ಲೇ ನಿಂತಿತ್ತು. ಆಕಾಶದಲ್ಲಿ ಹಾರುವ ಹೊತ್ತನ್ನಷ್ಟೇ ಪ್ರಯಾಣವೆಂದು ಲೆಕ್ಕ ಹಾಕುವುದನ್ನು ತಮಗೆ ಕಲಿಸಿದವರು ಯಾರು?

ಇತ್ತ ನಾನು ಅಂಗಳದಲ್ಲಿ ನಿಂತು, ಬೆಂಗಳೂರಿನಿಂದ ಟ್ಯಾಕ್ಸಿಯ ಹೊತ್ತನ್ನೂ ಸೇರಿಸಿ, ನಾಲ್ಕು ಗಂಟೆಗೆಲ್ಲ ತಂಗಿ ಬಂದೇ ಬರುತ್ತಾಳೆ ಎಂದು ದೊಡ್ಡ ಗಂಟಲಿನಲ್ಲಿ ಸಾರಿದ್ದೆ. ನಾಲ್ಕಾಯಿತು, ಐದಾಯಿತು. ಹೊತ್ತು ಮುಳುಗುವುದರೊಳಗೆ ಮುಗಿಸಬೇಕೆಂದು ಹಿರಿಯರು ಎದ್ದರು. ನಮ್ಮ ದೊಡ್ಡಪ್ಪ ಮಲ್ಲಿಕಾರ್ಜುನಯ್ಯ, "ದಿಲ್ಲಿ ಬುಟ್ಟು ಬರಾಕೆ ಅವಳಿಗೆ ಮನಸಾಗ್ಲಿಲ್ಲ ಕಣಪ್ಪ. ಇನ್ನು ಕಾಯಾದು ಬ್ಯಾಡ" ಅಂದರು. ಅಲ್ಲಿದ್ದವರೆಲ್ಲ ತಲೆದೂಗಿದರು. ನಾನೂ ಎದ್ದು ಹೆಗಲು ಕೊಟ್ಟೆ.

ಮನೆಮನೆಯಲ್ಲಿ ದೀಪ ಹಚ್ಚುತ್ತಿದ್ದಾಗ ಅವಳ ಟ್ಯಾಕ್ಸಿ ತೋಟದ ಬದಿಗೆ ಬಂದು ನಿಂತಿತು. ತೆಂಗಿನ ಸಾಲಿನ ನಡುವೆ ಹಸಿ ಮಣ್ಣು ಕಂಡು ಅವಳು ಅಲ್ಲೇ ಕುಸಿದಳು. ಬಹಳ ಹೊತ್ತು ಅತ್ತಳು. ಆಮೇಲೆ ದೊಡ್ಡಪ್ಪ, "ಯಾಕವ್ವ ಇಷ್ಟು ತಡ? ವಿಮಾನ ಹೊತ್ತಿಗೆ ಬರ್ಲಿಲ್ವಾ?" ಎಂದರು. ಅವಳು ನನ್ನ ಮುಖ ನೋಡಿದಳು.

"ಹೊತ್ತಿಗೇ ಬಂತು ದೊಡ್ಡಪ್ಪ. ಬೆಂಗಳೂರಲ್ಲಿ ನಾನೇ ತಡ ಮಾಡ್ದೆ" ಅಂದಳು.

ಹೈದರಾಬಾದಿನ ಸಂಗತಿಯನ್ನು ಅವಳು ಹೇಳಿದ್ದು ಮೂರನೆಯ ದಿನ, ಅದೂ ನಾನು ಒತ್ತಾಯ ಮಾಡಿದ ಮೇಲೆ. ಸುಳ್ಳು ಯಾಕಾಡಿದೆ ಎಂದರೆ, "ಎಲ್ಲರ ಮುಂದೆ ಹೊತ್ತು ಹೇಳಿದ್ದೋನು ನೀನು. ವಿಮಾನ ಕೆಟ್ಟಿತ್ತು ಅಂದಿದ್ರೆ, ಇನ್ನೊಂದು ಗಳಿಗೆ ಯಾಕೆ ಕಾಯ್ಲಿಲ್ಲ ಅಂತ ಎಲ್ಲಾ ನಿನ್ನೇ ಹಿಡ್ಕಳ್ಳೋರು ಕಣಣ್ಣ" ಅಂದಳು. ಹೆತ್ತವ್ವನ ಮಣ್ಣಿಗೂ ಬಾರದ ಮಗಳು ಎಂಬ ಮಾತು ನಮ್ಮೂರು ಸಂಪಿಗೆಯಿಂದ ತುರುವೇಕೆರೆಯವರೆಗೂ ಹಬ್ಬಿತು. ಕೇಳಿಯೂ ನಾನು ಬಾಯಿ ಬಿಡಲಿಲ್ಲ. ಬೈಗುಳ ತಿನ್ನಬೇಕಾದವನು ಮರ್ಯಾದಸ್ಥನಾಗಿ ಓಡಾಡಿಕೊಂಡಿದ್ದೇನೆ. ನಾಚಿಕೆಯಿಂದ ಅವಳಿಗೆ ಒಂದು ಕಾಗದವನ್ನೂ ಬರೆಯಲಾಗಿಲ್ಲ.

ನಿಮ್ಮನ್ನು ಬೈದು ನಾನು ಹಗುರಾಗುವಂತಿಲ್ಲ. ಆದರೂ ಇಷ್ಟನ್ನು ಕೇಳುವ ಹಕ್ಕು ನನಗಿದೆ: ಇನ್ನು ಮುಂದೆ ಯಾರಾದರೂ ಹೊತ್ತು ಕೇಳಿದರೆ, ಯಾವ ವಿಮಾನ, ಯಾತಕ್ಕಾಗಿ ಎಂದು ಮೊದಲು ವಿಚಾರಿಸಿ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನಿ. ಇದನ್ನು ಪತ್ರಿಕೆಯಲ್ಲಿ ಬರೆಯುತ್ತಿರುವುದು ನೀವು ಓದಲೆಂದು ಮಾತ್ರವಲ್ಲ, ನಮ್ಮೂರಿನವರು ಓದಲೆಂದು. ಶಿವರುದ್ರಮ್ಮ ತಡ ಮಾಡಲಿಲ್ಲ.

ಇಂತಿ,
ತಂಗಿಯ ಮರೆಯಲ್ಲಿ ಇಷ್ಟು ದಿನ ನಿಂತಿದ್ದ
ಏಕಾಂತಯ್ಯ, ಸಂಪಿಗೆ