ಯಾರಾದರೂ ಅನ್ನಬೇಡಿ

ಜೂನ್ 10, ಸೋಮವಾರ

ಹಾಜರಿ ಮುಗಿಸುವಷ್ಟರಲ್ಲಿ ಗುಬ್ಬಿ ಮತ್ತೆ ಕಿಟಕಿಯ ಹತ್ತಿರ. ನನ್ನ ಎರಡನೇ ತರಗತಿಯಲ್ಲಿ ಎಲ್ಲರಿಗಿಂತ ಪುಟ್ಟ ಹುಡುಗಿ, ಬಾಯಿ ಎಲ್ಲರಿಗಿಂತ ದೊಡ್ಡದು. ಕೂತಲ್ಲಿ ಕೂರುವುದಿಲ್ಲ. ಆ ಕಿಟಕಿಯ ಕೆಳಗಿನ ಗಾಜು ಬಿರುಕು ಬಿಟ್ಟಿದೆ. ಟೇಪ್ ಅಂಟಿಸಿದೆ. ಸ್ಟಾಫ್ ರೂಮಿನಲ್ಲಿ ಹೇಳಿದೆ, “ಯಾರಾದ್ರೂ ಆ ಗಾಜು ಹಾಕಿಸ್ರಪ್ಪಾ.” ಎಲ್ಲರೂ ಹೂಂ ಅಂದರು. ಹೆಡ್‌ಮಾಸ್ಟರೂ ಹೂಂ ಅಂದರು, ಪೇಪರಿನಿಂದ ಕಣ್ಣೆತ್ತದೆ.

ಜೂನ್ 15, ಶನಿವಾರ

ಶಾಲೆಯಲ್ಲಿ ಪ್ರಥಮ ಚಿಕಿತ್ಸೆಯ ತರಬೇತಿ. ಕಲಿಸಲು ಬಂದ ನರ್ಸ್‌ಗೆ ನನ್ನ ಮಗಳ ವಯಸ್ಸು, ಗದರಿಸುವುದು ನನ್ನ ಅತ್ತೆಯ ಥರ. ರಕ್ತ ಹರಿದರೆ ಬಟ್ಟೆ ಇಟ್ಟು ಗಟ್ಟಿಯಾಗಿ ಒತ್ತಬೇಕು, ತೆಗೆದು ತೆಗೆದು ನೋಡಬಾರದು. ನೆನೆದರೆ ಅದರ ಮೇಲೇ ಇನ್ನೊಂದು. ಚೂರು ನಾಟಿದ್ದರೆ ಕೀಳಬಾರದು. ಇದೆಲ್ಲ ತಲೆಗೆ ಹೋಯಿತು. ಹೋಗದ್ದು ಒಂದೇ...

ನಾಟಕ ಆಡಿಸಿದಳು. ನನ್ನ ಸರದಿ. “ಯಾರಾದ್ರೂ ಆಂಬುಲೆನ್ಸ್‌ಗೆ ಫೋನ್ ಮಾಡಿ” ಅಂದೆ.

“ಯಾರಾದ್ರೂ ಅನ್ನಬೇಡಿ ಮೇಡಂ. ಯಾರೂ ಮಾಡಲ್ಲ. ಒಬ್ಬರ ಕಡೆ ಬೆರಳು ಮಾಡಿ. ‘ನೀವು. ಫೋನ್ ಮಾಡಿ. ಮಾಡಿ ಬಂದು ನಂಗೆ ಹೇಳಿ.’ ಅಷ್ಟೇ.”

ಎದುರಿಗಿದ್ದವರು ಹೆಡ್‌ಮಾಸ್ಟರ್. ಬೆರಳು ಏಳಲೇ ಇಲ್ಲ. ನಾನು ಓದಿದ ಊರ ಶಾಲೆಯಲ್ಲಿ ದೊಡ್ಡವರಿಗೆ ಬೆರಳು ಮಾಡಿದರೆ ಆ ಬೆರಳಿನ ಮೇಲೇ ಏಟು. ನನ್ನ ಮಕ್ಕಳಿಗೂ ಅದನ್ನೇ ಹೇಳಿಕೊಡುತ್ತೇನೆ. “ಸರ್, ತಮಗೆ ಒಂಚೂರು ಬಿಡುವಾದ್ರೆ...” ಅಂದೆ. ಎಲ್ಲ ನಕ್ಕರು.

ನರ್ಸ್ ನಗಲಿಲ್ಲ. “ಅವರಿಗೆ ಬಿಡುವಾಗೋಷ್ಟೊತ್ತಿಗೆ ಮಗು ಇರಲ್ಲ ಮೇಡಂ.”

ಜೂನ್ 16, ಭಾನುವಾರ

ಮನೆಯಲ್ಲಿ ಅಭ್ಯಾಸ. ಯಜಮಾನರ ಕಡೆ ಬೆರಳು ಮಾಡಿ, “ನೀವು. ಹಾಲು ತನ್ನಿ. ತಂದು ನಂಗೆ ಹೇಳಿ.”

“ತಂದ್ಮೇಲೆ ಹೇಳೋದೇನು, ಕಾಣಲ್ವಾ?” ಅಂದರು. ಚಪ್ಪಲಿ ಮೆಟ್ಟುತ್ತಾ, “ಮದುವೆಯಾದಾಗಿಂದ ಇದನ್ನೇ ಮಾಡ್ತಿದ್ದೀಯ. ಬೆರಳೊಂದೇ ಹೊಸದು.”

ಜುಲೈ 2, ಮಂಗಳವಾರ

ಗಾಜು ಹಾಗೇ ಇದೆ. ಟೇಪ್ ಬದಲಿಸಿದೆ. ಗುಬ್ಬಿಯನ್ನು ಮುಂದಿನ ಬೆಂಚಿಗೆ ತಂದೆ.

“ಇಲ್ಲಿಂದ ಏನೂ ಕಾಣಲ್ಲ ಮಿಸ್.”

“ಬೋರ್ಡ್ ಕಾಣುತ್ತಲ್ಲ.”

“ಅದು ದಿನಾ ಕಾಣುತ್ತೆ.”

ದೇವರೇ, ಈ ಬಾಯಿಗೆ ಆಯಸ್ಸು ಕೊಡು.

ಜುಲೈ 9, ಮಂಗಳವಾರ, ಸಂಜೆ

ಎಷ್ಟು ತೊಳೆದರೂ ಉಗುರಿನ ಸಂದಿಯಲ್ಲಿ ಇನ್ನೂ ಇದೆ. ಬರೆಯದಿದ್ದರೆ ತಲೆ ನಿಲ್ಲುವುದಿಲ್ಲ.

ಊಟದ ಬೆಲ್ಲಿಗೆ ಮೊದಲು. ಬೋರ್ಡಿಗೆ ತಿರುಗಿದ್ದೆ. ಗಾಜಿನ ಸದ್ದು. ಗುಬ್ಬಿ ಕಿಟಕಿಗೆ ಓಡಿದ್ದಾಳೆ, ಕಾಲು ಜಾರಿದೆ, ಕೈ ಗಾಜು ಒಡೆದುಕೊಂಡು ಹೋಗಿದೆ. ಅಳಲಿಲ್ಲ. ಅದಕ್ಕೇ ಹೆದರಿದೆ. ಮೊಣಕೈ ಕೆಳಗೆ ಸೀಳಿತ್ತು, ರಕ್ತ ಚಿಮ್ಮುತ್ತಿತ್ತು. ಮಲಗಿಸಿದೆ. ಚೂರು ನಾಟಿರಲಿಲ್ಲ. ನನ್ನ ಬ್ಯಾಗಿನಲ್ಲಿದ್ದ ಒಗೆದ ಟವೆಲ್ ಇಟ್ಟು ಎರಡೂ ಕೈಯಿಂದ ಒತ್ತಿ, ಅವಳ ಕೈ ಮೇಲೆತ್ತಿ ಹಿಡಿದೆ. ಮಕ್ಕಳ ಕಿರುಚಾಟಕ್ಕೆ ಸ್ಟಾಫೆಲ್ಲ ಬಾಗಿಲಲ್ಲಿ.

“ಯಾರಾದ್ರೂ ಫೋನ್ ಮಾಡಿ” — ಬಾಯಿಗೆ ಬಂದದ್ದು ಅದೇ.

ಟವೆಲ್ ನೆನೆಯಿತು. ಪಕ್ಕದ ತರಗತಿಯ ಟೀಚರ್ ಇನ್ನೊಂದು ಬಟ್ಟೆ ಇಟ್ಟರು. ಅದರ ಮೇಲೇ ಒತ್ತಿದೆ. “ಎಷ್ಟೊತ್ತಿಗೆ ಬರುತ್ತಂತೆ?” ಅಂದೆ. ಒಬ್ಬರ ಮುಖ ಒಬ್ಬರು ನೋಡಿದರು. ಎಲ್ಲರ ಕೈಯಲ್ಲೂ ಫೋನಿತ್ತು. ಒಬ್ಬರೂ ಮಾಡಿರಲಿಲ್ಲ.

“ಮಾಡಿರ್ತಾರೆ ಅಂದ್ಕೊಂಡೆ...” ಅಂದರು ಹೆಡ್‌ಮಾಸ್ಟರ್.

ಗುಬ್ಬಿಯ ತುಟಿ ಬಿಳಿಚಿತ್ತು. ಬೆರಳು ಮಾಡಲು ನನಗೆ ಕೈಯೇ ಬಿಡುವಿರಲಿಲ್ಲ. ಹೆಡ್‌ಮಾಸ್ಟರ ಕಣ್ಣಿಗೆ ಕಣ್ಣಿಟ್ಟು, ಗದ್ದದಿಂದಲೇ ಅವರತ್ತ ತೋರಿಸಿದೆ. “ನೀವು. ಫೋನ್ ಮಾಡಿ. ಮಾಡಿ ಬಂದು ನಂಗೆ ಹೇಳಿ.” ಸರ್ ಅನ್ನಲಿಲ್ಲ.

ಮಾಡಿದರು. ಬಂದು ನನ್ನ ಪಕ್ಕ ಕುಕ್ಕರಗಾಲಲ್ಲಿ ಕೂತರು. “ಹೇಳ್ದೆ ಮಿಸ್. ಹೊರಟಿದೆ. ಇನ್ನೇನ್ ಮಾಡ್ಲಿ?”

“ಗೇಟ್ ತೆಗೀರಿ. ನೀವೇ.”

ಗುಬ್ಬಿಗೆ ಮಾತಾಡು ಅಂದೆ. ಏನಾದರೂ ಮಾತಾಡು.

“ಬೋರ್ಡ್ ಕಾಣ್ತಿಲ್ಲ ಮಿಸ್.”

ಆಮೇಲೆ ಏನೂ ಅನ್ನಲಿಲ್ಲ.

ಅದೇ ದಿನ, ಏಳು ಗಂಟೆ

ಗುಬ್ಬಿ ಇನ್ನೂ ಆಪರೇಷನ್ ಥಿಯೇಟರ್ ಒಳಗೆ. ಹೊರಗೆ ಅವಳ ಅಮ್ಮ. “ನೀವು ಮನೆಗೆ ಹೋಗಿ ಅಕ್ಕಾ, ನಾನೇ ಫೋನ್ ಮಾಡಿ ಹೇಳ್ತೀನಿ” ಅಂದರು. ಬಂದೆ. ರಕ್ತ ತುಂಬ ಹೋಗಿದೆ. ಡಾಕ್ಟರ್ ಕೇಳಿದರು, ಬಿದ್ದ ಕೂಡಲೇ ಫೋನ್ ಮಾಡಿದ್ರಾ ಅಂತ. ಆ ಸುಮ್ಮನೆ ಹೋದ ಹೊತ್ತು...

ಯಜಮಾನರು ಹಾಲು ಕಾಯಿಸಿ ತಂದರು. “ತಂದಿದ್ದೀನಿ. ಹೇಳ್ತಿದ್ದೀನಿ.” ಇಬ್ಬರೂ ನಗಲಿಲ್ಲ.

ಪ್ರಾರ್ಥನೆಗೆ ಕೂತೆ. ಬುದ್ಧಿ ಬಂದಾಗಿಂದ ಬೇಡುವುದು ಒಂದೇ ಥರ — ಯಾವ ರೂಪದಲ್ಲಾದರೂ ಬಾ, ಯಾರ ಕೈಯಿಂದಾದರೂ ಕಾಪಾಡು. ಇವತ್ತು ನಾಲಿಗೆ ಏಳಲಿಲ್ಲ. ಎದ್ದು ಬಂದು ಇಲ್ಲೇ ಬರೆಯುತ್ತಿದ್ದೇನೆ.

ದೇವರೇ, ಬೆರಳು ಮಾಡುತ್ತಿದ್ದೇನೆ. ತಪ್ಪಾದರೆ ಹೊಟ್ಟೆಗೆ ಹಾಕಿಕೋ. ಯಾರ ಕೈಯಿಂದಾದರೂ ಬೇಡ. ನೀನು. ಆ ಬಾಗಿಲೊಳಗೆ ಹೋಗು. ಹೋಗಿ, ಬಂದು, ನನಗೆ —

ಫೋನ್