ಹೆಸರು ಹಿಡಿದು ಕರೆದರೆ ಬರುವವನು

ಉಪ್ಪಾರಹಳ್ಳಿ, ತುಮಕೂರು
6 ಮಾರ್ಚ್ 2006

ಹಾರ್ಮೋನಿಯಂ ಸಾಮ್ರಾಟ ಗುರುಸಿದ್ದಯ್ಯನಿಗೆ, ನಿನ್ನ ರಾಜಾ ಪಾರ್ಟಿನ ಸಿದ್ದಗಂಗಯ್ಯನ ಶರಣು.

ನಿನ್ನ ಮಗಳು ಮಾಲಿನಿ ಬರೆದ ಕಾಗದ ಬಂದು ತಿಂಗಳಾಯಿತು. ಉತ್ತರಿಸದೆ ಕೂತದ್ದಕ್ಕೆ ದಾವಣಗೆರೆಯಿಂದಲೇ ಬೈದುಬಿಡು, ಕಿರೀಟ ತೆಗೆದಿಟ್ಟು ಕೇಳಿಸಿಕೊಳ್ಳುತ್ತೇನೆ. ಲಕ್ವ ಹೊಡೆದ ಬಲಗೈ ಇನ್ನೂ ಏಳುತ್ತಿಲ್ಲ ಎಂದಿದ್ದಳು. ಈಗ ಸುದ್ದಿಯೊಂದಿದೆ. ಪರದೆ ಸರಿಸುತ್ತೇನೆ, ಗೋಡೆಗೆ ಒರಗಿ ಕೇಳು.

ಮೊನ್ನೆ ಶನಿವಾರ ಸಂಜೆ ಕುಣಿಗಲ್‌ನಲ್ಲಿ ನಮ್ಮ ನಾಟಕ. ನಿನ್ನ ಜಾಗಕ್ಕೆ ಗೊತ್ತುಮಾಡಿದ್ದ ಗುಬ್ಬಿಯ ಮೇಷ್ಟ್ರು ಹಿಂದಿನ ದಿನ ಜ್ವರವೆಂದು ಹೇಳಿಕಳಿಸಿದರು. ಹಾರ್ಮೋನಿಯಂ ಇಲ್ಲದಿದ್ದರೆ ನಾಟಕವೇ ಬೇಡ ಎಂದರು ಕುಣಿಗಲ್‌ನವರು. ಈ ಆಟ ನಿಂತರೆ ಇನ್ನು ಯಾರೂ ನಮ್ಮನ್ನು ಕರೆಯುವುದಿಲ್ಲ, ತಂಡ ಅಲ್ಲಿಗೆ ಮುಗಿಯಿತು. ಅದು ನಮಗೆಲ್ಲ ಗೊತ್ತಿತ್ತು.

ಆಗ ನೆನಪಾಯಿತು. ನಿನ್ನ ಕೈ ಸೋಲುವ ಮೊದಲು ನನ್ನ ಸೊಸೆ ಶಾಂತಲಾ ನಿನ್ನನ್ನು ಕೂರಿಸಿ, ಅಷ್ಟೂ ಹಾಡುಗಳಿಗೆ ನಿನ್ನ ವಾದನವನ್ನು ಕಂಪ್ಯೂಟರಿಗೆ ತುಂಬಿಕೊಂಡಿದ್ದಳಲ್ಲ. ಆ ಕಂಪ್ಯೂಟರಿಗೆ ವೈರಸ್ ಹತ್ತಿ, ಅವಳು ವಿಂಡೋಸ್ ಕಿತ್ತುಹಾಕಿ ಯುನಿಕ್ಸ್ ಮನೆತನದ ಲಿನಕ್ಸ್ ಹಾಕಿದ್ದಾಳೆ. ನಿನ್ನ ಹಾಡುಗಳನ್ನು ಮಾತ್ರ ಸಿ.ಡಿ.ಗೆ ಇಳಿಸಿಟ್ಟು ಉಳಿಸಿಕೊಂಡು, ಆಮೇಲೆ ಮತ್ತೆ ಯಂತ್ರಕ್ಕೇ ತುಂಬಿದಳು. ಆದರೆ ಅವಳು ತಂಗಿಯ ಸೀಮಂತಕ್ಕೆ ಚೇಳೂರಿಗೆ ಹೋಗಿದ್ದಳು. ಇರಲಿ ಎಂದು ಯಂತ್ರವನ್ನು ಜಮಖಾನದಲ್ಲಿ ಸುತ್ತಿ ವ್ಯಾನಿಗೆ ಹಾಕಿದೆ.

ಪರದೆ ಎಳೆಯುವ ಚಿಕ್ಕರಂಗಯ್ಯ ನೋಡಿದವನೇ, "ಅಣ್ಣೋ, ಟಿವಿ ಯಾಕ್ ತಂದೆ? ಸೀನ್ ಬದ್ಲಾಯ್ಸೋ ಹೊತ್ಗೆ ಕ್ರಿಕೆಟ್ ನೋಡಾಕಾ?" ಅಂದ.

"ಇದ್ರೊಳಗೆ ಗುರುಸಿದ್ದಯ್ಯ ಕೂತವ್ನೆ ಕಣ್ಲಾ."

"ಹಂಗಾರೆ ಈಚೆಗೆ ಕರಿ, ಟೀ ಕುಡೀಲಿ."

ಕರೆಯುವುದು ಹೇಗೆ? ಚೇಳೂರಿಗೆ ಫೋನ್ ಹಚ್ಚಿದೆ. "ಮಾವ, ಮೇಲೆ ಎಡಗಡೆ ಮೂಲೇಲಿ ಅಪ್ಲಿಕೇಶನ್ಸ್ ಅಂತಿದೆ, ಅಲ್ಲಿ ಒಂದ್ಸಲ ಕ್ಲಿಕ್ ಮಾಡಿ" ಅಂದಳು ಶಾಂತಲಾ. ಪಾತ್ರಧಾರಿಗಳ ಮೆರವಣಿಗೆಯೇ ಇಳಿದು ಬಂತು: ಲೆಕ್ಕ ಮಾಡುವವನು, ಚಿತ್ರ ಬರೆಯುವವನು, ಇಸ್ಪೀಟು ಆಡಿಸುವವನು. ಹಾಡು ನುಡಿಸುವವನು ಮಾತ್ರ ಇಲ್ಲ.

"ಅವ್ನು ಇನ್‌ಸ್ಟಾಲ್ ಆಗಿದಾನೆ ಮಾವ. ಮೆನುಗೆ ಸೇರಿಲ್ಲ ಅಷ್ಟೆ. ಹೆಸರು ಹಿಡ್ದು ಕರೀಬೇಕು."

ಟರ್ಮಿನಲ್ ಎಂಬ ಕಪ್ಪು ಕಿಟಕಿ ತೆರೆಸಿದಳು. ಎಕ್ಸ್, ಎಂ, ಎಂ, ಎಸ್ ಎಂದು ಹೇಳಿ ಒತ್ತಿಸಿದಳು. "ಇದು ಹೆಸ್ರಾ, ಬಸ್ ನಂಬರಾ?" ಅಂದ ಚಿಕ್ಕರಂಗಯ್ಯ. ಎಂಟರ್ ಒತ್ತಿದೆ. ಸಣ್ಣ ರೇಡಿಯೊದಂಥದ್ದು ತೆರೆಯ ಮೇಲೆ ಪ್ರತ್ಯಕ್ಷವಾಯಿತು, ಹಾಡು ಆರಿಸಿದೆ, ನಿನ್ನ ಶ್ರುತಿ ಪೆಂಡಾಲನ್ನೆಲ್ಲ ತುಂಬಿತು. ಹೊರಗೆ ಕುರ್ಚಿ ಹಾಕುತ್ತಿದ್ದವರು ಹಾಗೇ ನಿಂತುಬಿಟ್ಟರು.

ನಮ್ಮ ರಂಗದ ಕಟ್ಟಳೆ ನಿನಗೆ ಗೊತ್ತಲ್ಲ. ರಾಜನ ಬಿರುದು ಸಾರಿದ ದ್ವಾರಪಾಲಕ, ರಾಜ ಬಂದ ಮೇಲೆ ಮುಂದೆ ನಿಲ್ಲಬಾರದು. ಇನ್ನು ಇವನಿಗೇನು ಕೆಲಸವೆಂದು ಆ ಕಪ್ಪು ಕಿಟಕಿಯನ್ನು ಮುಚ್ಚಿದೆ. ನಿನ್ನ ಸ್ವರ ಅರ್ಧಕ್ಕೇ ಕಡಿದುಹೋಯಿತು. ಮತ್ತೆ ಕರೆದೆ, ನೀನು ಬಂದೆ. ಮತ್ತೆ ಮರ್ಯಾದೆಯಿಂದ ದ್ವಾರಪಾಲಕನನ್ನು ಕಳಿಸಿದೆ, ನೀನೂ ಹೊರಟುಹೋದೆ. ಜನ ಬಂದು ಕೂರುವ ಹೊತ್ತು, ನನಗೆ ಬಣ್ಣದ ಕೆಳಗೆ ಬೆವರು.

"ಕಪ್ಪು ಕಿಟಕಿ ಮುಚ್ಚಿದ್ರಾ?" ಅಂದಳು ಶಾಂತಲಾ. "ಅದ್ರ ಕೈ ಹಿಡ್ಕೊಂಡೇ ಅವ್ನು ಬಂದಿರೋದು ಮಾವ. ಅದನ್ನ ಆಚೆಗೆ ದಬ್ಬಿದ್ರೆ ಇವ್ನೂ ಹೋಗ್ತಾನೆ."

"ದ್ವಾರಪಾಲಕ ಕೊನೇಗಂಟ ಅಲ್ಲೇ ನಿಂತಿದ್ರೆ ರಾಜನ ಗತ್ತು ಏನಾಗ್ಬೇಕವ್ವ?"

ನಕ್ಕಳು. "ಸರಿ, ನಿಮ್ಗೆ ಒಪ್ಪೋ ಅಂಥ ದಾರಿ ಒಂದಿದೆ. ಆಲ್ಟ್ ಹಿಡ್ಕೊಂಡು ಎಫ್ ಟೂ ಒತ್ತಿ."

ಒತ್ತಿದೆ. ಒಂದು ಪುಟ್ಟ ಚೌಕ ಬಂದು ಕೈಕಟ್ಟಿ ನಿಂತಿತು. ಹೆಸರು ಬರೆದು ಎಂಟರ್ ಒತ್ತಿದರೆ ಚೌಕ ತಾನೇ ಮರೆಗೆ ಸರಿಯಿತು, ನೀನು ಉಳಿದೆ. ಎಂಥ ಶಿಸ್ತಿನ ದ್ವಾರಪಾಲಕ ಕಣಯ್ಯ, ನಮ್ಮ ತಂಡದಲ್ಲಿ ಅಂಥವನೊಬ್ಬನೂ ಇರಲಿಲ್ಲ.

ನಾಟಕ ಆಯಿತು. ಚಿಕ್ಕರಂಗಯ್ಯ ಒಂದು ಕೈಯಲ್ಲಿ ಪರದೆಯ ಹಗ್ಗ, ಇನ್ನೊಂದರಲ್ಲಿ ಮೌಸ್ ಹಿಡಿದು ಹಾಡು ಬಿಟ್ಟ. ಕುಣಿಗಲ್‌ನವರು ಯುಗಾದಿ ಆಟಕ್ಕೂ ಈಗಲೇ ವೀಳ್ಯ ಕೊಟ್ಟರು. ಎದೆಯ ಮೇಲಿನ ಗುಂಡುಕಲ್ಲು ಇಳಿಯಿತು. ಭಾನುವಾರ ಮಧ್ಯಾಹ್ನದವರೆಗೆ ಮಲಗಿದ್ದೆ.

ಮಾಲಿನಿಗೂ ಅಳಿಯಂದಿರಿಗೂ ನನ್ನ ಆಶೀರ್ವಾದ. ಎಣ್ಣೆ ತಿಕ್ಕುವಾಗ ಕೂಗಾಡಬೇಡ. ಶಿವ ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ
ಸಿದ್ದಗಂಗಯ್ಯ

ತಾ.ಕ.: ಒಂದು ಮಾತು ಬರೆಯದೆ ಬಿಟ್ಟಿದ್ದೆ. ಕೊನೆಯ ಹಾಡಿನಲ್ಲಿ, ರಾಜ್ಯ ಬಿಟ್ಟು ಹೊರಡುವಾಗ, ನನಗೆ ಉಸಿರು ಸಾಲಲಿಲ್ಲ. ಅದೇ ನಿನ್ನ ಬೆರಳು, ಅದೇ ನಿನ್ನ ಸ್ವರ, ಆದರೆ ಅದು ಕಾಯಲಿಲ್ಲ, ಮುಂದೆ ಹೋಯಿತು. ಸಾಲು ನುಂಗಿ ಅದರ ಹಿಂದೆ ಓಡಿದೆ. ಜನಕ್ಕೆ ತಿಳಿಯಲಿಲ್ಲ. ಇಷ್ಟು ವರ್ಷವೂ ನಾನು ಉಸಿರೆಳೆದುಕೊಳ್ಳುವ ತನಕ ನೀನು ಸ್ವರ ಹಿಡಿದು ನಿಲ್ಲುತ್ತಿದ್ದೆ ಎಂಬುದು ನನಗೂ ಆ ದಿನದವರೆಗೆ ತಿಳಿದಿರಲಿಲ್ಲ. ಹಾಡನ್ನು ಅಲ್ಲೇ ತಡೆದು ನಿಲ್ಲಿಸುವ ಗುಂಡಿಯೂ ಇದೆ ಎನ್ನುತ್ತಾಳೆ ಶಾಂತಲಾ. ಚಿಕ್ಕರಂಗಯ್ಯನಿಗೆ ಅದನ್ನು ಯಾವಾಗ ಒತ್ತಬೇಕೆಂದು ತಿಳಿಯದು. ಯುಗಾದಿಗೆ ಬಾ. ಒತ್ತಲು ಎಡಗೈ ಸಾಕಂತೆ.