ಸ್ಮಾರಕ ಭವನ ಬೇಡ, ಶಾಹಿನಾಜ್‌ಳ ಕಾರ್ಯಾಗಾರದ ಬೀಗ ತೆಗೆಯಿರಿ

ಮಾನ್ಯ ಆರೋಗ್ಯ ನಿರ್ದೇಶಕರೇ,

ನನ್ನ ಹೆಂಡತಿಯ ಹೆಸರಿನಲ್ಲಿ ಕಟ್ಟಲಿರುವ ಸ್ಮಾರಕ ಭವನದ ಶಂಕುಸ್ಥಾಪನೆಗೆ ನೀವು ಕಳಿಸಿದ ಆಹ್ವಾನ ತಲುಪಿತು. ಕಾಗದ ದಪ್ಪಗಿದೆ, ಅಕ್ಷರಗಳಿಗೆ ಬಂಗಾರದ ಬಣ್ಣ ಹಾಕಿಸಿದ್ದೀರಿ. ಅವಳು ಬದುಕಿದ್ದಾಗ ನಿಮ್ಮ ಕಚೇರಿಯಿಂದ ಬರುತ್ತಿದ್ದದ್ದು ಬರೀ ನೋಟಿಸು, ಅದರ ಕಾಗದ ಇಷ್ಟು ಚೆನ್ನಾಗಿರುತ್ತಿರಲಿಲ್ಲ. ನಾನು ಬರುವುದಿಲ್ಲ. ಭವನಕ್ಕೆಂದು ನೀವು ಆರಿಸಿಕೊಂಡ ಜಾಗ ಹೆರಿಗೆ ಆಸ್ಪತ್ರೆಯ ಹಿತ್ತಿಲಲ್ಲಿರುವ ಅವಳ ಕಾರ್ಯಾಗಾರ. ಅವಳನ್ನು ಮಣ್ಣು ಮಾಡಿದ ವಾರವೇ ಅದಕ್ಕೆ ಬೀಗ ಜಡಿಸಿದವರು ನೀವು. ದಿನ ತುಂಬದೆ ಹುಟ್ಟಿದ ಶಿಶುಗಳನ್ನು ಬೆಚ್ಚಗಿಡುವ, ನಮ್ಮೂರ ಹೆಂಗಸರು ‘ಶಾಹಿನಾಜ್ ಪೆಟ್ಟಿಗೆ’ ಎನ್ನುವ ಇನ್‌ಕ್ಯುಬೇಟರುಗಳು ದುರಸ್ತಿಗೆಂದು ಬಂದು ಒಳಗೆ ಧೂಳು ತಿನ್ನುತ್ತಿವೆ. ಅವಳನ್ನು ನೆನೆಯಬೇಕಾದರೆ ಅವಳ ಕೆಲಸವನ್ನೇ ಕೆಡವಬೇಕೆಂದು ನಿಮಗೆ ಯಾರು ಹೇಳಿಕೊಟ್ಟರು?

ಆಹ್ವಾನದಲ್ಲಿ ಅವಳನ್ನು ‘ವೈದ್ಯಕೀಯ ಯಂತ್ರವಿಜ್ಞಾನದ ಆದ್ಯ ಪ್ರವರ್ತಕಿ’ ಎಂದು ಕರೆದಿದ್ದೀರಿ. ಸಂತೋಷ. ಅವಳು ಪ್ರವರ್ತಕಿಯಾದದ್ದು ಹೇಗೆಂದು ನಿಮ್ಮ ಗುಮಾಸ್ತರಿಗೆ ಗೊತ್ತಿರಲಾರದು, ನಾನೇ ಹೇಳುತ್ತೇನೆ. ದಿನ ತುಂಬುವ ಮೊದಲೇ ನಮಗೊಬ್ಬಳು ಮಗಳು ಹುಟ್ಟಿದ್ದಳು. ಹೆಸರು ಇಟ್ಟಿರಲಿಲ್ಲ, ಏಕೆಂದರೆ ಏಳನೆಯ ದಿನದ ಶಾಸ್ತ್ರ ಆಗಬೇಕಿತ್ತು. ಅಂದು ಮಗುವನ್ನು ಜರಡಿಯಲ್ಲಿ ಮಲಗಿಸಿ, ಕಿವಿಯ ಬಳಿ ಅಜ್ಜಿ ಹಿತ್ತಾಳೆ ಕುಟ್ಟಾಣಿ ಬಡಿದು, “ಅಮ್ಮನ ಮಾತು ಕೇಳು, ಅಪ್ಪನ ಮಾತು ಕೇಳ್ಬೇಡ” ಎಂದು ಗಂಡಸರ ಮಾನ ಕಳೆಯುವುದು ನಿಮ್ಮ ಮನೆಯಲ್ಲೂ ನಡೆದಿರಬೇಕು. ನನ್ನ ತಾಯಿ ಕುಟ್ಟಾಣಿಯನ್ನು ಹುಣಸೆಹಣ್ಣಿನಲ್ಲಿ ಉಜ್ಜಿ ಫಳಫಳ ಮಾಡಿ ಇಟ್ಟಿದ್ದಳು. ಹಂಚುವುದಕ್ಕೆ ಕಡಲೆ, ಮಿಠಾಯಿ ಪೊಟ್ಟಣಗಳನ್ನೂ ಕಟ್ಟಿಯಾಗಿತ್ತು. ಆರನೆಯ ದಿನ, ಮಗುವನ್ನು ಬೆಚ್ಚಗಿಟ್ಟಿದ್ದ ಆಸ್ಪತ್ರೆಯ ವಿದೇಶಿ ಯಂತ್ರ ಕೆಟ್ಟು ತಣ್ಣಗಾಯಿತು. ಎಚ್ಚರಿಕೆಯ ಸದ್ದು ಕೂಗಿತು. ಅದೇ ಕೋಣೆಯಲ್ಲಿ ಇನ್ನೊಂದು ಮಗುವಿಗೆ ಹಾಲು ಕುಡಿಸುತ್ತಿದ್ದ ನರ್ಸ್ ಹಿಕ್ಮತ್ ತಿರುಗಿ ನೋಡಲಿಲ್ಲ. ಕರೆಂಟು ಸ್ವಲ್ಪ ಇಳಿದರೂ ಕೂಗುತ್ತಿದ್ದ ಯಂತ್ರವದು. ನನ್ನ ಮಗಳು ಹಾಗೆ ಹೋದಳು.

ನಾನು ಹಿಕ್ಮತ್‌ಳ ಮೇಲೆ ಏರಿಹೋದೆ. ಬಾಣಂತಿ ಶಾಹಿನಾಜ್ ಗೋಡೆ ಹಿಡಿದುಕೊಂಡು ಬಂದು ನನ್ನ ತೋಳು ಎಳೆದಳು. “ಅವ್ಳನ್ನ ಬಿಡಿ. ದಿನಪೂರ್ತಿ ಸುಮ್‌ಸುಮ್ನೆ ಕೂಗೋದನ್ನ ಯಾರು ಕೇಳಿಸ್ಕೋತಾರೆ? ನಾನಾಗಿದ್ರೂ ತಿರುಗ್ತಿರ್ಲಿಲ್ಲ” ಎಂದಳು. ಬಾಣಂತನ ಮುಗಿದ ಮೇಲೆ ಒಂದು ಬೆಳಿಗ್ಗೆ ಆ ಕುಟ್ಟಾಣಿಯನ್ನು ಚೀಲಕ್ಕೆ ಹಾಕಿಕೊಂಡು, ಅದೇ ಆಸ್ಪತ್ರೆಯ ಯಂತ್ರಗಳನ್ನು ನೋಡಿಕೊಳ್ಳುವ ತನ್ನ ಎಂಜಿನಿಯರ್ ಕೆಲಸಕ್ಕೆ ಹೋದಳು. ನಮ್ಮ ಬಜಾರಿನಲ್ಲೇ ಸಿಗುವ ಬಿಡಿಭಾಗಗಳಿಂದ ಅವಳು ಕಟ್ಟಿದ ಪೆಟ್ಟಿಗೆಗಳು ಕಿರುಚುವುದಿಲ್ಲ. ಶಾಖ ನಿಜವಾಗಿ ತಪ್ಪಿದಾಗ ಮಾತ್ರ ಒಳಗಿನ ಪುಟ್ಟ ಸುತ್ತಿಗೆ ಹಿತ್ತಾಳೆಯ ಬಟ್ಟಲಿಗೆ ಬಡಿಯುತ್ತದೆ. ಪರೀಕ್ಷೆಗೆ ಬಂದ ನಿಮ್ಮ ಇಲಾಖೆಯ ಸಮಿತಿ ಹೊಟ್ಟೆ ಹಿಡಿದುಕೊಂಡು ನಕ್ಕಿತ್ತು. ಅಧ್ಯಕ್ಷರು, “ಏನಮ್ಮಾ, ಆಸ್ಪತ್ರೇಲಿ ಮಸಾಲೆ ಕುಟ್ತೀಯಾ?” ಎಂದು ಕೇಳಿದರು. ಶಾಹಿನಾಜ್ ಅವರಿಗೆ ಚಹಾ ಕೊಟ್ಟು ಕೂರಿಸಿ, ಹಿಂದಿನಿಂದ ಹಳೆಯ ಯಂತ್ರದ ಸದ್ದು ಮಾಡಿಸಿದಳು. ಯಾರೂ ಚಹಾದಿಂದ ತಲೆ ಎತ್ತಲಿಲ್ಲ. ಆಮೇಲೆ ಹಿತ್ತಾಳೆ ಬಡಿಸಿದಳು. ಅಧ್ಯಕ್ಷರೂ ಸೇರಿದಂತೆ ಎಲ್ಲರೂ ಮಗು ಎಲ್ಲಿದೆ ಎಂಬಂತೆ ತಿರುಗಿದರು. “ಅಷ್ಟೇ ಸಾಹೇಬ್ರೆ, ಇನ್ನೇನೂ ಬೇಡ” ಎಂದಳು. ನಮ್ಮೂರಿನಲ್ಲಿ ಇಂದು ಶಾಲೆಗೆ ಹೋಗುತ್ತಿರುವ ಎಷ್ಟೋ ಮಕ್ಕಳು ಆ ಸದ್ದಿನಿಂದ ಉಳಿದವರು. ಅವರಲ್ಲಿ ಕೆಲವರಿಗೆ ನಾನೇ ಲೆಕ್ಕ ಹೇಳಿಕೊಟ್ಟಿದ್ದೇನೆ.

ಆ ಪೆಟ್ಟಿಗೆಗಳಿಗೆ ಪ್ರಮಾಣಪತ್ರವಿಲ್ಲ ಎಂಬುದು ಬೀಗ ಹಾಕಲು ನೀವು ಕೊಟ್ಟ ಕಾರಣ. ಒಪ್ಪಿದೆ ಮಹಾಸ್ವಾಮಿ. ನನ್ನ ಮಗಳು ತೀರಿಕೊಂಡ ಯಂತ್ರಕ್ಕೆ ಪ್ರಮಾಣಪತ್ರವಿತ್ತು. ಶಾಹಿನಾಜ್ ಕೈಹಿಡಿದು ಕಲಿಸಿದ ಇಬ್ಬರು ಹೆಣ್ಣುಮಕ್ಕಳು ಈ ಪೆಟ್ಟಿಗೆಗಳನ್ನು ಬಿಚ್ಚಿ ಜೋಡಿಸಬಲ್ಲವರು. ಅವರನ್ನು ನಿಮ್ಮ ಕಚೇರಿಗೆ ವರ್ಗಾಯಿಸಿ ಲಕೋಟೆಗೆ ಗೋಂದು ಹಚ್ಚಲು ಕೂರಿಸಿದ್ದೀರಿ. ನನಗೆ ಬಂದ ಲಕೋಟೆಯನ್ನು ಅಂಟಿಸಿದ್ದೂ ಅವರೇ ಇರಬೇಕು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎನ್ನುವುದು ಇದಕ್ಕೇ ಅಲ್ಲವೇ?

ಹೋದ ವಾರ ನಮ್ಮ ಎದುರು ಮನೆಯ ಝಕಿಯಾಳ ಸೊಸೆಗೆ ಎಂಟು ತಿಂಗಳಿಗೇ ಹೆರಿಗೆಯಾಯಿತು. ಆಸ್ಪತ್ರೆಯವರು ಪೆಟ್ಟಿಗೆ ಖಾಲಿ ಇಲ್ಲ, ತಂತಾ ನಗರಕ್ಕೆ ಕರೆದೊಯ್ಯಿರಿ ಎಂದರು. ಝಕಿಯಾ ಮೊಮ್ಮಗನನ್ನು ತನ್ನ ನಿಲುವಂಗಿಯೊಳಗೆ ಎದೆಗೆ ಒತ್ತಿಕೊಂಡು ಬಾಡಿಗೆ ಕಾರು ಹತ್ತಿದಳು. ಕಾಲುವೆ ಸೇತುವೆ ದಾಟುವಷ್ಟರಲ್ಲಿ ಮಗು ಅವಳ ಎದೆಯ ಮೇಲೆಯೇ ತಣ್ಣಗಾಯಿತು. ಮಾತನಾಡಿಸಲು ಹೋದಾಗ ಆಕೆ ನನ್ನನ್ನು ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. “ಮೇಷ್ಟ್ರೇ, ನಿಮ್ಮನೆಯವ್ರು ಮಾಡಿದ್ದು ಒಂದೂ ಉಳ್ದಿಲ್ವಾ ಅಲ್ಲಿ?” ಎಂದು ಕೇಳಿದಳು, ಅಷ್ಟೆ. ಉಳಿದಿವೆ, ನಿನ್ನ ಸೊಸೆ ಮಲಗಿದ್ದ ಕೋಣೆಯ ಕಿಟಕಿಯಿಂದಲೇ ಆ ಬೀಗ ಕಾಣುತ್ತದೆ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ನೀವು ಹೇಳುತ್ತೀರಾ? ಅವಳ ಮನೆಯ ಬಾಗಿಲು ತೆರೆದೇ ಇದೆ, ದುಃಖ ಕೇಳಲು ಜನ ಇನ್ನೂ ಬರುತ್ತಿದ್ದಾರೆ.

ಆದ್ದರಿಂದ ನನ್ನ ಬೇಡಿಕೆ ಇದು. ಶಂಕುಸ್ಥಾಪನೆಯನ್ನು ರದ್ದು ಮಾಡಿ. ಕಾರ್ಯಾಗಾರದ ಬೀಗ ತೆಗೆಸಿ, ಆ ಇಬ್ಬರು ಹೆಣ್ಣುಮಕ್ಕಳನ್ನು ಅವರ ಕೆಲಸಕ್ಕೆ ಕಳಿಸಿ. ಪ್ರಮಾಣಪತ್ರ ಬೇಕೇ ಬೇಕೆಂದಾದರೆ ತಜ್ಞರನ್ನು ಕರೆಸಿ ಪರೀಕ್ಷಿಸಿ, ಆದರೆ ಅಲ್ಲಿಯವರೆಗೆ ಮಕ್ಕಳಿಗೆ ಕಾಯಿರಿ ಎನ್ನಬೇಡಿ, ಅವಕ್ಕೆ ಕಾಯಲು ಬರುವುದಿಲ್ಲ. ಅವಳ ಹೆಸರು ಎಲ್ಲೂ ಬೇಡ. ಬದುಕಿದ್ದಾಗಲೂ ಅವಳು ಕೇಳಿದವಳಲ್ಲ.

ನಿಮ್ಮ ಕಾರ್ಯಕ್ರಮದಲ್ಲಿ ಅವಳ ಗೌರವಾರ್ಥ ಒಂದು ನಿಮಿಷ ಮೌನ ಎಂದು ಅಚ್ಚಾಗಿದೆ. ದಯವಿಟ್ಟು ಅದನ್ನು ಮಾತ್ರ ಮಾಡಬೇಡಿ. ಶಿಶುಗಳ ಕೋಣೆಯಲ್ಲಿ ಸದ್ದು ನಿಂತುಹೋದರೆ ಏನರ್ಥವೆಂದು ಅವಳಿಗೆ ಗೊತ್ತಿತ್ತು. ನನಗೂ ಗೊತ್ತು. ಈಗ ಝಕಿಯಾಳಿಗೂ ಗೊತ್ತು.

ಇಂತಿ,
ಊರಿಗೆಲ್ಲ ‘ಎಂಜಿನಿಯರಮ್ಮನ ಗಂಡ’ ಎಂದೇ ಪರಿಚಯವಿದ್ದ,
ಈಗ ಅದೂ ಅಲ್ಲದ,
ವಗ್ದಿ ಮೇಷ್ಟ್ರು